ಊಟದ ಮೇಜಿನ ಮೇಲೆ ನಲವತ್ತು ಮೈಲಿ

ಓಸ್ವಿನ್ ಕ್ವಾಶಿಯ ಮನೆಯಲ್ಲಿ ಊಟದ ಮೇಜು ಇತ್ತು. ಅದರ ಮೇಲೆ ಊಟ ನಡೆದು ಮಾತ್ರ ಎಂಟು ತಿಂಗಳಾಗಿತ್ತು. ಹೆಂಡತಿ ವರ್ಲೀನಳ ಅಜ್ಜಿಯ ಕಾಲದ ಮಹಾಗನಿ ಮೇಜು ಅದು, ಆರು ಜನ ಆರಾಮಾಗಿ ಕೂರಬಹುದು. ಈಗ ಅಲ್ಲಿ ಎರಡಡಿ ಉದ್ದದ ಕೆಂಪು ಆಟದ ದೋಣಿಯೊಂದು ಹೊಟ್ಟೆ ಬಗೆಸಿಕೊಂಡು ಮಲಗಿತ್ತು. ಅದರ ಕರುಳೆಲ್ಲ ತಂತಿಗಳಾಗಿ ಸಾಸ್ ಬಾಟಲಿಯವರೆಗೂ ಹರಡಿತ್ತು. ಗಂಡ ಹೆಂಡತಿ ಸೋಫಾದಲ್ಲಿ ಕೂತು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು. ವರ್ಲೀನಳ ಮೂರು ಒಳ್ಳೆಯ ಲಂಗಗಳ ಮೇಲೆ ಕಲಲೂ ಸೊಪ್ಪಿನ ಸಾರಿನ ಹಸಿರು ಕಲೆ ಶಾಶ್ವತವಾಗಿ ನೆಲೆಸಿತ್ತು.

ಓಸ್ವಿನ್ ಕೂವಾ ಊರಿನಿಂದ ದ್ವೀಪದ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ಗೆ ಮ್ಯಾಕ್ಸಿ ಟ್ಯಾಕ್ಸಿ ಎಂಬ ಬಾಡಿಗೆ ವ್ಯಾನು ಓಡಿಸುತ್ತಿದ್ದ. ಆ ಹೆದ್ದಾರಿಯಲ್ಲಿ ಅವನಷ್ಟು ನಿಧಾನದ ಚಾಲಕ ಇನ್ನೊಬ್ಬನಿರಲಿಲ್ಲ. "ಓಸ್ವಿನ್, ಇಲ್ಲೇ ಇಳಿಸ್ಬಿಡಪ್ಪ, ನಡ್ಕೊಂಡು ಹೋಗ್ತೀನಿ, ಸ್ವಲ್ಪ ಅರ್ಜೆಂಟಿದೆ" ಎಂದು ಪ್ರಯಾಣಿಕರು ಬೇಡಿಕೊಂಡದ್ದುಂಟು. ತನ್ನ ಜೀವಮಾನದ ವೇಗವನ್ನೆಲ್ಲ ಆ ಮಹಾಶಯ ಆಟದ ದೋಣಿಗೆಂದು ಉಳಿತಾಯ ಮಾಡಿಟ್ಟಿದ್ದ.

ಹಳೆಯ ಕಬ್ಬಿನ ಎಸ್ಟೇಟಿನ ಕೆರೆಯಲ್ಲಿ ಪ್ರತಿ ಭಾನುವಾರ ದೋಣಿ ಸಂಘದವರು ಸೇರುತ್ತಿದ್ದರು. ಎಲ್ಲರೂ ತಲೆ ನರೆತವರು. ಎಲ್ಲರ ಕೈಯಲ್ಲೂ ಪಿಸ್ತೂಲಿನಂಥ ರಿಮೋಟು, ಬೆರಳಿನಿಂದ ಎಳೆದಷ್ಟೂ ವೇಗ ಏರಿಸುವ ಕುದುರೆ ಅದಕ್ಕೆ. ದ್ವೀಪದ ದೊಡ್ಡ ದೋಣಿಗಳ ಪಂದ್ಯದಂತೆ ಇಲ್ಲೂ ವೇಗದ ಮೇಲೇ ವರ್ಗ: ಗಂಟೆಗೆ ಇಪ್ಪತ್ತು ಮೈಲಿಯವರದೊಂದು, ನಲವತ್ತು ಮೈಲಿಯವರದೊಂದು, ವರ್ಗಕ್ಕೊಂದು ಕಪ್. ಪ್ರತಿ ದೋಣಿಯೊಳಗೂ ಬೆಂಕಿಪೊಟ್ಟಣದಷ್ಟು ದೊಡ್ಡ ವೇಗಮಾಪಕ ಅಂಟಿಸುತ್ತಾರೆ. ನಿಮ್ಮ ವರ್ಗದ ಅಂಕಿಯನ್ನು ಕೂದಲೆಳೆಯಷ್ಟು ದಾಟಿದರೂ ಪಂದ್ಯದಿಂದ ಔಟು. ಅಂದರೆ ಜೋರಾಗಿ ಹೋಗಬೇಕು, ತೀರಾ ಜೋರಾಗಿ ಹೋಗಬಾರದು. (ಮದುವೆಯಾದ ಗಂಡಸರಿಗೆ ಈ ನಿಯಮ ಬೇಗ ಅರ್ಥವಾದೀತು ಎಂದು ನೀವು ಅಂದುಕೊಳ್ಳಬಹುದು. ಆಗುವುದಿಲ್ಲ.)

ಓಸ್ವಿನ್ ಆರು ವರ್ಷದಿಂದ ಇಪ್ಪತ್ತರ ವರ್ಗದಲ್ಲೇ ಕೊಳೆಯುತ್ತಿದ್ದ. ವರ್ಲೀನಳ ತಮ್ಮ ಕಾರ್ಲ್ಟನ್ ನಲವತ್ತರ ವರ್ಗದ ರಾಜ. ಕ್ರಿಸ್‌ಮಸ್ಸಿನ ಊಟದ ದಿನ ಅವನು ಎಲ್ಲರೆದುರು, "ಏನ್ ಭಾವ, ಹೋದ್ವಾರ ನಿನ್ನ ದೋಣಿ ಹಿಂದೆ ಒಂದು ಬಾತುಕೋಳಿ ಸೈಡ್ ಕೊಡಪ್ಪಾ ಅಂತ ಕಿರುಚ್ತಿತ್ತಲ್ಲ!" ಅಂದ. ವರ್ಲೀನಳಿಗೆ ನಗು ತಡೆಯಲಾಗಲಿಲ್ಲ. ಅದೇ ವಾರ ನಲವತ್ತರ ವರ್ಗಕ್ಕೆಂದು ಹೊಸ ಕೆಂಪು ದೋಣಿ ಮನೆಗೆ ಬಂತು. ಹಳೆಯ ಹಳದಿ ದೋಣಿ ಮಂಚದ ಕೆಳಗೆ ಸೇರಿತು.

ಆಮೇಲೆ ಸುರುವಾದದ್ದು ಶಸ್ತ್ರಚಿಕಿತ್ಸೆ. ದೋಣಿಯ ಮೋಟಾರು ತೆಗೆದು ಅದರ ಎರಡರಷ್ಟು ಶಕ್ತಿಯದನ್ನು ಕೂರಿಸಿದ. ಮೋಟಾರು ಕಾದಿತು, ಅದಕ್ಕೆ ತಣ್ಣೀರಿನ ತಾಮ್ರದ ನಳಿಗೆ ಸುತ್ತಿದ. ನಳಿಗೆಯಿಂದ ಭಾರವಾಯಿತು, ಭಾರ ಎಳೆಯಲು ಬ್ಯಾಟರಿ ದೊಡ್ಡದಾಯಿತು. ಬ್ಯಾಟರಿಯಿಂದ ದೋಣಿ ಮೂತಿ ಎತ್ತಿ ಹಾರತೊಡಗಿತು, ಮೂತಿಗೆ ಸೀಸ ಕಟ್ಟಿದ. ವರ್ಲೀನಳ ಉಗುರು ಉಜ್ಜುವ ಅರದಿಂದ ಹಿಂದಿನ ಪಂಖವನ್ನು ಉಜ್ಜಿ ಉಜ್ಜಿ ಕ್ಷೌರದ ಬ್ಲೇಡಿನಂತೆ ಮಾಡಿದ. ಅವಳ ಕೂದಲು ಒಣಗಿಸುವ ಯಂತ್ರ ದೋಣಿಯನ್ನು ಒಣಗಿಸುವ ಯಂತ್ರವಾಯಿತು. ಖಾಲಿ ಬೆಣ್ಣೆ ಡಬ್ಬಿಯೊಂದರಲ್ಲಿ ಗ್ರೀಸು ತುಂಬಿಟ್ಟಿದ್ದ. ಒಂದು ಬೆಳಿಗ್ಗೆ ಅದನ್ನು ಬ್ರೆಡ್ಡಿಗೆ ಸವರಿಕೊಂಡು ಅರ್ಧ ತಿಂದವನೂ ಅವನೇ. (ಅವತ್ತಿಡೀ ತಾನು ಬಹಳ ಸರಾಗವಾಗಿ ಮಾತಾಡಿದೆನೆಂದು ಅವನೇ ಹೇಳಿಕೊಂಡ.)

ಕಪ್ಪಿನ ಪಂದ್ಯಕ್ಕೆ ಒಂದು ವಾರವಿದ್ದಾಗ, ಬಟ್ಟೆ ಒಗೆಯುವ ದಿನ, ಅವನಿಗೊಂದು ದಿವ್ಯ ಆಲೋಚನೆ ಹೊಳೆಯಿತು. ಹಿತ್ತಲಿನ ಬಟ್ಟೆ ತೊಟ್ಟಿಯಲ್ಲಿ ನೀರಿದೆ, ದೋಣಿಯನ್ನು ಒಂದು ಕೈಯಲ್ಲಿ ಹಿಡಿದು ಪರೀಕ್ಷಿಸಿದರೆ ಕೆರೆಗೆ ಹೋಗುವ ಶ್ರಮ ಯಾಕೆ? ರಿಮೋಟಿನ ಕುದುರೆ ಒತ್ತಿದ. ದೋಣಿ ಕೈ ತಪ್ಪಿಸಿಕೊಂಡು ತೊಟ್ಟಿಯಿಂದ ನೆಗೆದು, ಹಗ್ಗದ ಮೇಲಿದ್ದ ವರ್ಲೀನಳ ಚರ್ಚಿಗೆ ಹೋಗುವ ಬಿಳಿ ಉಡುಪಿನ ಬೆನ್ನ ಮೂಲಕ ಹೋಗಿ ಎದೆಯ ಮೂಲಕ ಹೊರಗೆ ಬಂತು.

ವರ್ಲೀನ್ ಕೂಗಾಡಲಿಲ್ಲ. ಅದಕ್ಕೇ ಓಸ್ವಿನನಿಗೆ ಹೆದರಿಕೆಯಾಯಿತು.

"ಎಷ್ಟು ಸ್ಪೀಡಿತ್ತು?" ಎಂದು ಕೇಳಿದಳು, ತೂತಿನಿಂದ ಅವನನ್ನು ನೋಡುತ್ತ.

"ಗಾಳಿಯಲ್ಲಿ ಅಳೆಯೋಕಾಗಲ್ಲ ಕಣೇ..."

"ಕೇಳು ಓಸ್ವಿನ್. ಮದುವೆಯಾಗಿ ಇಪ್ಪತ್ತೇಳು ವರ್ಷ, ಒಂದು ಭಾನುವಾರವೂ ಮೇಜು ಖಾಲಿ ಬಿಟ್ಟವಳಲ್ಲ ನಾನು. ಈಗ ಹೆತ್ತಮ್ಮ ಬಂದ್ರೂ ಮೆಟ್ಟಿಲ ಮೇಲೆ ಕೂರಿಸಿ ಬಡಿಸ್ತೀನಿ. ನಂಗೆ ನಾಚಿಕೆಯಾಗತ್ತೆ. ಭಾನುವಾರ ನೀನು ಕಪ್ ತಂದ್ರೆ ಮೇಜು ನಿಂದೇ, ನಾನು ತುಟಿ ಬಿಚ್ಚಲ್ಲ. ತರ್ಲಿಲ್ಲ ಅಂದ್ರೆ ನಿನ್ನ ದೋಣಿ ಸಂಸಾರವೆಲ್ಲ ಕೋಳಿಗೂಡಿಗೆ."

"ಗೆದ್ದವರದು ಮೇಜು. ಒಪ್ಪಿದೆ!" ಎಂದ ಓಸ್ವಿನ್, ಎದೆ ಸೆಟೆಸಿ.

ಭಾನುವಾರ ಗಾಳಿ ಏಳುವ ಮುಂಚೆಯೇ ನಲವತ್ತರ ಪಂದ್ಯ. ಸಂಘದ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರ್ ರಾಮ್‌ಕಿಸೂನ್. ಅವರು ಸೀಟಿ ಊದಿದ್ದೇ ತಡ, ಓಸ್ವಿನನ ಕೆಂಪು ದೋಣಿ ನೀರು ಸೀಳಿಕೊಂಡು ಮುಂದೆ ಹೋಯಿತು. ನಾಲ್ಕನೇ ಸುತ್ತಿಗೆ ಕಾರ್ಲ್ಟನ್ ಹತ್ತು ಮಾರು ಹಿಂದೆ. ಇನ್ನೊಂದು ಸುತ್ತು ಹಾಗೇ ಹೋದರೆ ಕಪ್ಪೂ ಅವನದು, ಮೇಜೂ ಅವನದು.

"ಭಾವ, ಇಷ್ಟೇನಾ ನಿನ್ನ ಮೋಟಾರು? ಇದಕ್ಕಾ ಎಂಟು ತಿಂಗಳು ಅಕ್ಕನ್ನ ಸೋಫಾದಲ್ಲಿ ಕೂರ್ಸಿದ್ದು?" ಎಂದ ಕಾರ್ಲ್ಟನ್, ಆಕಳಿಸುತ್ತ.

ಓಸ್ವಿನನ ಬುದ್ಧಿ ಬೇಡ ಎಂದಿತು. ಬೆರಳು ಬುದ್ಧಿಯ ಮಾತು ಕೇಳಲಿಲ್ಲ. ಕುದುರೆಯನ್ನು ಪೂರ್ತಿ ಎಳೆದೇಬಿಟ್ಟ. ದೋಣಿ ಕಿರುಚಿಕೊಂಡು ಗುರಿ ದಾಟಿತು, ದಡದ ಜನ ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ಟರು ವೇಗಮಾಪಕ ತೆಗೆದು ಕನ್ನಡಕ ಏರಿಸಿ ನೋಡಿದರು.

"ನಲವತ್ತನಾಲ್ಕು. ಬಹಳ ಸಂತೋಷ ಓಸ್ವಿನ್, ಇಷ್ಟು ವೇಗ ಈ ಕೆರೆ ಕಂಡೇ ಇಲ್ಲ. ನೀನು ಔಟು."

"ಮೇಷ್ಟ್ರೇ, ಕಡೇ ಸುತ್ತಲ್ವಾ..."

"ನಲವತ್ತು ಅಂದ್ರೆ ನಲವತ್ತೇ ಕಣಯ್ಯ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಓಸ್ವಿನನಿಗೆ ಅಲ್ಲೇ ಅಳು ಬಂತು. ನಲವತ್ತರ ಕಪ್ಪು ಕಾರ್ಲ್ಟನನ ಕಂಕುಳು ಸೇರಿತು.

ಇಪ್ಪತ್ತರ ವರ್ಗಕ್ಕೆ ಬಂದವರು ಇಬ್ಬರೇ: ಒಬ್ಬ ನಿವೃತ್ತ ಪೋಸ್ಟ್‌ಮನ್, ಒಬ್ಬ ಕ್ಷೌರಿಕ. ಮೂವರಿಲ್ಲದೆ ಪಂದ್ಯ ನಡೆಸುವಂತಿಲ್ಲ. ಬಿಡಿಭಾಗಕ್ಕೆ ಬೇಕಾದೀತೆಂದು ಮಂಚದ ಕೆಳಗಿನಿಂದ ತಂದ ಹಳದಿ ದೋಣಿ ಮ್ಯಾಕ್ಸಿಯಲ್ಲಿತ್ತು, ಆದರೆ ನಲವತ್ತನಾಲ್ಕು ಮೈಲಿಯ ಸರದಾರ ಇನ್ನು ಇಪ್ಪತ್ತರವರ ಜೊತೆ ನಿಲ್ಲುವುದುಂಟೆ?

"ವರ್ಲೀನ್, ಲೆಕ್ಕಕ್ಕೆ ನೀನೇ ನಿಂತ್ಕೋ" ಎಂದು ದಡದಲ್ಲಿ ನೋಡುತ್ತ ಕೂತಿದ್ದ ಹೆಂಡತಿಗೆ ರಿಮೋಟು ಕೊಟ್ಟ. "ಏನೂ ಮಾಡ್ಬೇಕಾಗಿಲ್ಲ. ಸುಮ್ನೆ ದೋಣಿ ಮುಳುಗದ ಹಾಗೆ ನೋಡ್ಕೋ."

"ಇಪ್ಪತ್ತು ದಾಟಬಾರದು, ಅಷ್ಟೇ ತಾನೆ?"

"ಅಷ್ಟೇ. ಅದೆಲ್ಲ ನಿಂಗ್ಯಾಕೆ?"

ಸೀಟಿ ಕೂಗಿತು. ಪೋಸ್ಟ್‌ಮನ್ನೂ ಕ್ಷೌರಿಕನೂ ಹಲ್ಲು ಕಚ್ಚಿ ಕುದುರೆ ಎಳೆದು ಒಬ್ಬರ ಮೇಲೊಬ್ಬರು ಬಿದ್ದಂತೆ ಓಡಿಸಿದರು. ವರ್ಲೀನಳ ಹಳದಿ ದೋಣಿ ಸಂತೆಗೆ ಹೊರಟ ಹೆಂಗಸಿನಂತೆ ಹಿಂದೆ ಹಿಂದೆ ಬಂದು ಮೂರನೆಯದಾಗಿ ಗುರಿ ಮುಟ್ಟಿತು. ಹೆಡ್‌ಮಾಸ್ಟರು ಮೂರೂ ಮಾಪಕ ತೆಗೆದರು. ಪೋಸ್ಟ್‌ಮನ್ ಇಪ್ಪತ್ತೊಂದು, ಔಟು. ಕ್ಷೌರಿಕ ಇಪ್ಪತ್ತೆರಡು, ಔಟು. ವರ್ಲೀನ್ ಹತ್ತೊಂಬತ್ತೂವರೆ.

"ಅದು ಹೇಗಮ್ಮ ಅಷ್ಟಕ್ಕೇ ನಿಲ್ಸಿದ್ರಿ?" ಎಂದು ಹೆಡ್‌ಮಾಸ್ಟರೇ ಬೆರಗಾಗಿ ಕೇಳಿದರು.

"ಪೆಲಾವ್ ಮಾಡುವಾಗ ನೀರು ಇಂಗ್ತಿದ್ದ ಹಾಗೆ ಉರಿ ಸಣ್ಣ ಮಾಡ್ತೀವಲ್ಲ ಮೇಷ್ಟ್ರೇ, ಹಾಗೇ. ಇಲ್ಲಾಂದ್ರೆ ತಳ ಹಿಡಿಯತ್ತೆ."

ಓಸ್ವಿನನಿಗೆ ಹೊಟ್ಟೆಕಿಚ್ಚಾಯಿತು. ಆದರೆ ಇಪ್ಪತ್ತರ ಕಪ್ಪು ಎತ್ತಿ ಹಿಡಿದ ಹೆಂಡತಿಯ ಮುಖ ಹಾಗೆ ಅರಳಿದ್ದನ್ನು ನೋಡಿ ವರ್ಷಗಳೇ ಆಗಿದ್ದವು. ಒಂದು ಗಳಿಗೆ ಅವನಿಗೆ ಹೆಮ್ಮೆಯೂ ಆಯಿತು. ಮನೆಗೆ ಬರುವ ದಾರಿಯಲ್ಲಿ ಆಸೆ ಮತ್ತೆ ಚಿಗುರಿತು.

"ಕಪ್ ಮನೆಗೆ ಬಂತಲ್ಲ ವರ್ಲೀನ್, ಹಾಗಾದ್ರೆ ಆ ಮೇಜು..."

"ಗೆದ್ದವರದು ಮೇಜು ಅಂದೋರು ಯಾರು?"

ಓಸ್ವಿನ್ ಮನೆಗೆ ಬಂದದ್ದೇ ತೋಳು ಮಡಚಿದ. ತಂತಿ, ಗ್ರೀಸು, ಸೀಸ ಎಲ್ಲವನ್ನೂ ಕೋಳಿಗೂಡಿಗೆ ಸಾಗಿಸಿದ. ಎಂಟು ತಿಂಗಳ ಪಾಪವನ್ನು ನಿಂಬೆಹಣ್ಣಿನಿಂದ ಉಜ್ಜಿದ. ಬಿಳಿ ಮೇಜುಬಟ್ಟೆ ಹಾಸಿ ತಟ್ಟೆ ಜೋಡಿಸಿ, ಪೆಲಾವನ್ನೂ ಮೆಕ್ರೋನಿ ಪೈಯನ್ನೂ ತಾನೇ ಬಿಸಿ ಮಾಡಿ ತಂದ. ಕೊನೆಗೂ ಮೇಜಿನ ಮೇಲೆ ಊಟ ಬಂತಲ್ಲ, ಸೋತರೇನಂತೆ ಎಂದು ಮನಸ್ಸು ಹಗುರವಾಗಿತ್ತು.

ವರ್ಲೀನ್ ಹಳದಿ ದೋಣಿಯನ್ನು ಎರಡು ಕೈಯಲ್ಲಿ ಹಿಡಿದು ಒಳಗೆ ಬಂದಳು. ಮೇಜನ್ನೊಮ್ಮೆ ನೋಡಿದಳು.

"ಬಟ್ಟೆ ತೆಗಿ, ಗ್ರೀಸಾಗತ್ತೆ. ತಟ್ಟೆ ಸೋಫಾಕ್ಕೆ ತಗೊಂಡ್ಹೋಗು."

"ಏನೇ ಇದು?"

"ಕಾರ್ಲ್ಟನ್ ಮುಂದಿನ ತಿಂಗಳು ನಲವತ್ತರಲ್ಲಿ ಬಾರಕ್ಕ ನೋಡೋಣ ಅಂದ. ಬರ್ತೀನಿ ಅಂದೆ." ದೋಣಿಯನ್ನು ಬೋರಲು ಹಾಕಿ, ಒಂದು ಕಣ್ಣು ಮುಚ್ಚಿ, ಪಂಖವನ್ನು ಬೆರಳಿನಿಂದ ತಿರುಗಿಸಿದಳು. "ನಿನ್ನ ಆ ದೊಡ್ಡ ಮೋಟಾರು ಇದಕ್ಕೆ ಕೂರತ್ತಾ? ಬಿಚ್ಚಿ ಕೊಡು."

ಓಸ್ವಿನ್ ಕೋಳಿಗೂಡಿಗೆ ಹೋಗಿ ಕೆಂಪು ದೋಣಿಯನ್ನು ತಂದ. ಮೋಟಾರು ಬಿಚ್ಚಲು ಸ್ಕ್ರೂಡ್ರೈವರ್ ಹುಡುಕಿದ. ಅದು ಆಗಲೇ ವರ್ಲೀನಳ ಬಾಯಲ್ಲಿತ್ತು.