ಎರಡು ಇಡ್ಲಿ, ಎರಡು ಸಿಲಿಂಡರ್

ಹೆಂಡತಿ "ತಿಂದ್ರಾ?" ಎಂದು ಕೇಳಿದಾಗ ನಿಜ ಹೇಳುವ ಗಂಡಸರು ಕಡಿಮೆ. ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಮಾತು ಬೆಳೆಯದಿರಲಿ ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತೇವೆ, ಅಷ್ಟೆ. ನಾನಂತೂ ಈ ಅಭ್ಯಾಸವನ್ನು ಕೆಲಸದಲ್ಲೂ ಬಿಟ್ಟವನಲ್ಲ. ಹುಣಸೂರಿನಲ್ಲಿ ಖಾಸಗಿ ಬಸ್ ಮಾಲೀಕರೊಬ್ಬರ ಶೆಡ್ಡಿನಲ್ಲಿ ಬಹಳ ವರ್ಷ ಮೆಕ್ಯಾನಿಕ್ ಆಗಿದ್ದೆ. ಕೋಟೆ ರೂಟಿನಿಂದ ಬಂದ ಡ್ರೈವರು ಪುಸ್ತಕದಲ್ಲಿ "ವೈಪರ್ ಆಡುತ್ತಿಲ್ಲ" ಎಂದು ಬರೆದಿದ್ದರೆ, ಬೇಸಿಗೆಯಾದರೆ, ಕೂತಲ್ಲಿಂದಲೇ ಪಕ್ಕದಲ್ಲಿ "ಸರಿಪಡಿಸಿದೆ" ಎಂದು ಗೀಚಿದ್ದುಂಟು. ಬ್ರೇಕಿನ ವಿಷಯದಲ್ಲಿ ಯಾವತ್ತೂ ಹಾಗೆ ಮಾಡಿಲ್ಲ. ಇಷ್ಟನ್ನು ದಯವಿಟ್ಟು ನಂಬಿ.

ಇಂಥ ನಾನು ಈಚೆಗೆ ಮೊದಲ ಸಲ ವಿಮಾನ ಹತ್ತಿದೆ. ದೆಹಲಿಯ ಶಾಲೆಯೊಂದರಲ್ಲಿ ಟೀಚರ್ ಆಗಿರುವ ಮಗಳು ಸುಮಳನ್ನು ನೋಡಲು ನಾನೂ ನನ್ನ ಹೆಂಡತಿ ಜಯಮ್ಮನೂ ಹೊರಟಿದ್ದೆವು. ಬೆಂಗಳೂರಿನ ನಿಲ್ದಾಣದಲ್ಲಿ ಅವಳು ತಾನು ಕಟ್ಟಿಕೊಂಡು ಬಂದ ರೊಟ್ಟಿ ಬಿಚ್ಚಿದಳು. ನಾನು ದೊಡ್ಡಸ್ತಿಕೆಯಿಂದ ಬೇಡವೆಂದೆ. "ಸಕ್ಕರೆ ಮಾತ್ರೆ ನುಂಗಿದ್ದೀರಿ, ಸುಮ್ನಿರ್ಬೇಡಿ. ಓಗಿ ಏನಾರಾ ತಿನ್ಕಂಡು ಬನ್ನಿ, ಬ್ಯಾಗು ನಾನು ನೋಡ್ಕತೀನಿ" ಎಂದಳು. ನಾನು ಹೊರಟದ್ದು ಇಡ್ಲಿಗೇ. ದಾರಿಯಲ್ಲಿ ದೊಡ್ಡ ಗಾಜಿನ ಗೋಡೆಯೊಂದು ಸಿಕ್ಕಿತು. ಅದರಾಚೆ ವಿಮಾನದ ಚಕ್ರದ ಬಳಿ ಒಬ್ಬಾತ ಟಾರ್ಚ್ ಹಿಡಿದು ಬಗ್ಗಿದ್ದ. ನೋಡುತ್ತಾನೆ, ಬರೆಯುತ್ತಾನೆ, ಮತ್ತೆ ಬಗ್ಗಿ ನೋಡುತ್ತಾನೆ. ಬರೆಯುವ ಮೊದಲು ಇಷ್ಟೊಂದು ನೋಡುವ ಮೆಕ್ಯಾನಿಕ್ಕನ್ನು ನಾನು ನನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ. ಮೈಮರೆತು ನಿಂತೆ. ವಿಮಾನ ಹತ್ತಲು ಕರೆದಾಗ ಎಚ್ಚರವಾಗಿ ಓಡಿಬಂದೆ.

"ತಿಂದ್ರಾ?"

"ಎರಡು ಇಡ್ಲಿ."

"ಚಟ್ನಿ ಎಂಗಿತ್ತು?"

"ಪರ್ವಾಗಿಲ್ಲ."

ಮೇಲೇರಿ ಗಂಟೆ ಕಳೆಯುವಷ್ಟರಲ್ಲಿ ಮೈಯೆಲ್ಲ ಬೆವರಿತು, ಕೈ ನಡುಗಿತು. ಮುಂದಿನದು ಜಯಮ್ಮ ಹೇಳಿ ಗೊತ್ತು. ನಾನು ಅವಳ ಹೆಗಲಿಗೆ ಒರಗಿದೆನಂತೆ. ಮೊದಲು ಅವಳು ಅದನ್ನು ಪ್ರೀತಿ ಎಂದುಕೊಂಡಳಂತೆ. ಮದುವೆಯಾದಾಗಿನಿಂದ ಹಾಗೆ ನಡೆದದ್ದಿಲ್ಲವಾದ್ದರಿಂದ ಕೂಡಲೇ ಅನುಮಾನ ಬಂದು ಕಿರುಚಿಕೊಂಡಳಂತೆ. ಓಡಿಬಂದ ಗಗನಸಖಿ, "ಎದುರ್ಕೋಬೇಡಿ ಆಂಟಿ, ನಾನು ಬೈಲುಕುಪ್ಪೆಯವ್ಳು" ಎಂದಳಂತೆ. ಡೋಲ್ಮಾ ಎಂದು ಹೆಸರು. ಅಲ್ಲಿನ ಟಿಬೆಟನ್ ಕ್ಯಾಂಪಿನ ಹುಡುಗಿ, ಪಿರಿಯಾಪಟ್ಟಣದಲ್ಲಿ ಓದಿದವಳು. "ನಮ್ ತೌರು ಕೊಪ್ಪದ ಪಕ್ಕದವ್ಳಾ ಮಗ? ನಮ್ಮೆಜಮಾನ್ರನ್ನ ಉಳಿಸ್ಕೊಡವ್ವ" ಎಂದು ಜಯಮ್ಮ ಅವಳ ಕೈ ಹಿಡಿದುಕೊಂಡಳು. ಡೋಲ್ಮಾ ಪುಟ್ಟ ಸಿಲಿಂಡರಿನಿಂದ ನನ್ನ ಮೂಗಿಗೆ ಆಮ್ಲಜನಕ ಹಿಡಿದು, "ಶುಗರ್ ಇಳಿದಿರ್ಬಹುದಾ? ಏನಾದ್ರೂ ತಿಂದಿದ್ರಾ?" ಎಂದು ಕೇಳಿದಳು. "ಎರಡು ಇಡ್ಲಿ ತಿಂದವ್ರೆ ಕಣವ್ವ!" ಹಾಗಾದರೆ ಹೃದಯವೇ ಇರಬೇಕೆಂದು ಎಲ್ಲರೂ ಗಾಬರಿಯಾದರು. ಅಷ್ಟು ದೊಡ್ಡ ವಿಮಾನ, ಅಷ್ಟೂ ಜನರ ಸಮೇತ, ನಾಗಪುರದಲ್ಲಿ ಇಳಿಯಿತು.

ಅಲ್ಲಿ ವೈದ್ಯರು ಮೇಲೆ ಬಂದು ಬೆರಳು ಚುಚ್ಚಿ ನೋಡಿ ಗ್ಲೂಕೋಸ್ ಕೊಟ್ಟರು. ಕಣ್ಣು ಬಿಟ್ಟೆ. ವೈದ್ಯರ ಹಣೆಯ ಗಂಟು ಮಾತ್ರ ಬಿಡಲಿಲ್ಲ. ಇಡ್ಲಿ ತಿಂದವರಿಗೆ ಸಕ್ಕರೆ ಇಷ್ಟು ಹೇಗೆ ಇಳಿಯಿತು? ಬೇರೇನೋ ಇರಬೇಕು, ಆಸ್ಪತ್ರೆಗೆ ಸೇರಿಸಿ ಪರೀಕ್ಷೆ ಮಾಡಬೇಕು ಎಂದು ಚೀಟಿ ಬರೆಯತೊಡಗಿದರು. ಜಯಮ್ಮನ ಕಣ್ಣು ತುಂಬಿತು. ಬಾಯಿ ಬಿಡಬೇಕಾದವನು ನಾನು, ಮುಖ ಕಿಟಕಿಗೆ ತಿರುಗಿಸಿದೆ.

ಅಷ್ಟರಲ್ಲಿ ವಿಮಾನದ ಎಂಜಿನಿಯರ್ ಬಂದ. ಇಂಧನ ಖರ್ಚಾಗಿ ಭಾರ ಇಳಿಯುವ ಮೊದಲೇ ನೆಲ ಮುಟ್ಟಿದ್ದರಿಂದ ಚಕ್ರಗಳನ್ನು ನೋಡಬೇಕು, ಬಳಸಿದ ಸಿಲಿಂಡರ್ ಬದಲಾಯಿಸಬೇಕು, ಎಲ್ಲವನ್ನೂ ಪುಸ್ತಕಕ್ಕೆ ಏರಿಸಿ ಸಹಿ ಮಾಡಬೇಕು. ಅಲ್ಲಿಯವರೆಗೆ ವಿಮಾನ ಅಲುಗುವಂತಿಲ್ಲ. ಪೈಲಟ್ಟು ಪುಸ್ತಕದಲ್ಲಿ ಒಂದು ಸಿಲಿಂಡರ್ ಎಂದು ಬರೆದಿದ್ದರು. ಎಂಜಿನಿಯರ್ ಅದನ್ನು ಬದಲಾಯಿಸಿ, ಇನ್ನೇನು ಸಹಿ ಹಾಕಬೇಕು ಎನ್ನುವಾಗ, ಪಕ್ಕದಲ್ಲೇ ನಿಂತಿದ್ದ ಪೈಲಟ್ಟಿನ ಮುಂದೆ ಡೋಲ್ಮಾ ಬಂದಳು. ಮಾತು ಹಿಂದಿಯಲ್ಲಿತ್ತು, ನನಗೂ ಅರ್ಥವಾಯಿತು. "ಸರ್, ಒಂದಲ್ಲ, ಎರಡು. ಮೊದಲನೆಯದರ ಮಾಸ್ಕ್ ಸರಿಯಾಗಿ ಕೂರಲಿಲ್ಲ. ಸ್ವಲ್ಪ ಹೊತ್ತು ಬಳಸಿ ವಾಪಸ್ ಇಟ್ಟು ಇನ್ನೊಂದು ತಂದೆ. ಗಡಿಬಿಡಿಯಲ್ಲಿ ನಿಮಗೆ ಹೇಳುವುದು ಮರೆತೆ."

ವಿಮಾನದೊಳಗೆ ಸೆಕೆ. ಜನ ಆಗಲೇ ಗೊಣಗುತ್ತಿದ್ದರು. ಇನ್ನೊಂದು ಸಿಲಿಂಡರ್ ಬರಲು ಮತ್ತೆ ಅರ್ಧ ಗಂಟೆ. ಪೈಲಟ್ಟು ಗುಡುಗುತ್ತಾರೆ ಎಂದು ನಾನು ಕಾದೆ. ಅವರು "ಹೇಳಿದ್ದು ಒಳ್ಳೆಯದಾಯಿತು" ಎಂದು ಪೆನ್ನು ತೆಗೆದುಕೊಂಡು ತಿದ್ದಿ ಬರೆದರು. ಅಷ್ಟೆ. ಹುಡುಗಿಯ ಕಿವಿ ಕೆಂಪಾಗಿತ್ತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಇನ್ನಾರದೋ ಮೂಗಿಗೆ ಆ ಅರೆಖಾಲಿ ಸಿಲಿಂಡರ್ ಹಿಡಿಯುವವರೆಗೆ. ನನ್ನ ಮಗಳಿಗಿಂತ ಚಿಕ್ಕವಳು. ನನಗೆ ಕೂರಲಾಗಲಿಲ್ಲ.

"ಜಯಾ, ನಾನು ಇಡ್ಲಿ ತಿಂದಿಲ್ಲ ಕಣೇ."

"ಏನಂದ್ರಿ?"

"ಗಾಜಿನ ಹತ್ರ ವಿಮಾನ ನೋಡ್ತಾ ನಿಂತ್ಬುಟ್ಟೆ."

ಡೋಲ್ಮಾ ನಗು ತಡೆದುಕೊಂಡೇ ವೈದ್ಯರಿಗೆ ಅನುವಾದಿಸಿದಳು. ವೈದ್ಯರು ಅರ್ಧ ಬರೆದ ಚೀಟಿಯನ್ನು ಹರಿದು, ಚೆನ್ನಾಗಿ ತಿನ್ನಿಸಿ, ಮತ್ತೆ ಪರೀಕ್ಷಿಸುತ್ತೇನೆ ಎಂದರು. ಜಯಮ್ಮ ಬಯ್ಯಲಿಲ್ಲ. "ಚಟ್ನಿ ಪರ್ವಾಗಿಲ್ಲ ಅಂದ್ರಲ್ರೀ..." ಎಂದಳು. "ಕರೆದ್ರೆ ಓ ಅನ್ನಲಿಲ್ಲ ನೀವು. ನಾನೊಬ್ಳೇ ಆ ಆಕಾಸದಲ್ಲಿ ಏನ್ಮಾಡ್ಲಿ ಅಂದ್ಕಂಡಿದ್ರಿ?" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಚೀಲದಿಂದ ರೊಟ್ಟಿ ತೆಗೆದು, ಅಷ್ಟು ಜನ ನೋಡುತ್ತಿರುವಂತೆಯೇ, ತುತ್ತು ಮಾಡಿ ನನ್ನ ಬಾಯಿಗಿಟ್ಟಳು. ಪಕ್ಕದ ಸಾಲಿನ ಗೊಣಗಾಟವೂ ನಿಂತಿತು. ನಾನು ಪ್ರಯಾಣಕ್ಕೆ ಯೋಗ್ಯನೆಂದು ವೈದ್ಯರ ಸಹಿ ಬಿತ್ತು. ಎರಡನೇ ಸಿಲಿಂಡರ್ ಬಂದಮೇಲೆ ವಿಮಾನಕ್ಕೂ ಬಿತ್ತು.

ದೆಹಲಿಯಲ್ಲಿ ಸುಮಾ ಕಾದು ಕಾದು ಸೋತಿದ್ದಳು. "ಯಾಕಪ್ಪಾ ಇಷ್ಟೊಂದು ಲೇಟು?"

ಜಯಮ್ಮ ಹಿಂದೆ ಟ್ರಾಲಿ ತಳ್ಳಿಕೊಂಡು ಬರುತ್ತಿದ್ದಳು. ಇನ್ನೂ ಹತ್ತು ಹೆಜ್ಜೆ ದೂರವಿತ್ತು.

"ನಾಗಪುರದಲ್ಲಿ ಸಿಲಿಂಡರ್ ಬದಲಾಯಿಸಿದ್ರು ಕಣಮ್ಮ" ಎಂದೆ.

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ನೀವೇ ನೋಡಿದ್ದೀರಲ್ಲ.