ಮಗಳ ಸೈಕಲ್ಲಿನ ಮುಂಗಾಲು

ತೂಕದ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವವನಲ್ಲ. ಉದಗೀರದ ಅಡತಿ ಅಂಗಡಿಯಲ್ಲಿ ಕುಳಿತು ತೊಗರಿ, ಜೋಳ ತೂಗುತ್ತಲೇ ಹೊಟ್ಟೆ ಬೆಳೆಸಿದವನು. ಆ ಹೊಟ್ಟೆಯ ಬಗ್ಗೆ ಹೆಂಡತಿ ಆಡದ ಮಾತಿಲ್ಲ; ಅದಕ್ಕೂ ವಿಜ್ಞಾನದಲ್ಲಿ ಕೆಲಸವಿದೆ ಎಂದು ತೋರಿಸಿಕೊಟ್ಟವಳು ಇಂಜಿನಿಯರಿಂಗ್ ಓದುವ ಕಿರಿಯ ಮಗಳು ಗಂಗಾ. ಗುಡ್ಡ ಇಳಿಯುವ ಸೈಕಲ್ಲಿಗೆ ಅವಳು ಮುಂದಿನ ಚಕ್ರ ಹಿಡಿಯುವ ಹೊಸ ಮುಂಗಾಲು ಮಾಡಿದ್ದಳು. ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಪೇಟೆಯ ಮುಂಗಾಲಿನ ಸ್ಪ್ರಿಂಗು ಕುಸಿದು ಸೈಕಲ್ಲಿನ ಮೂತಿ ಬಗ್ಗುತ್ತದಂತೆ, ಹ್ಯಾಂಡಲ್ಲಿನ ಓರೆ ಕೆಟ್ಟು ಚಕ್ರ ಹೊಯ್ದಾಡುತ್ತದಂತೆ. ನಮ್ಮ ಅಂಗಡಿಯ ಮೇಜಿನ ಮೇಲಿನ ಹಳೆಯ ತಕ್ಕಡಿ ತೋರಿಸಿ, ತಟ್ಟೆ ಎಷ್ಟು ಕೆಳಗಿಳಿದರೂ ವಾಲದಂತೆ ಅದರಡಿಯ ಜೋಡಿ ಪಟ್ಟಿಗಳು ಹಿಡಿದಿರುತ್ತವೆ, ನನ್ನ ಚಕ್ರವನ್ನೂ ಹಾಗೇ ಪಟ್ಟಿಗಳಿಂದ ಹಿಡಿದಿದ್ದೇನೆ ಎಂದಳು. ಇಷ್ಟು ವರ್ಷ ಆ ತಟ್ಟೆಯ ಮೇಲೆ ಬೆಲ್ಲ ಇಟ್ಟವನು ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ನಿಜಕ್ಕೂ ಬೆರಗಾದೆ.

ಆದರೆ ಅವಳ ಕಾಲೇಜಿನ ಮೇಷ್ಟ್ರುಗಳಿಗೆ ನಂಬಿಕೆಯಿರಲಿಲ್ಲ. ಕೋಟೆಯ ಹತ್ತಿರದ ಇಳಿಜಾರಿನಲ್ಲಿ ಹ್ಯಾಂಡಲ್ ಒಮ್ಮೆ ನಡುಗಿದರೂ ಇದನ್ನು ಬಿಚ್ಚಿ ಪೇಟೆಯ ಸ್ಪ್ರಿಂಗು ಹಾಕು ಎಂದಿದ್ದರು. ಅವಳ ವರ್ಷದ ದುಡಿಮೆ ಒಂದು ಇಳಿಜಾರಿಗೆ ಬಂದು ನಿಂತಿತ್ತು. ಸವಾರ ಭಾರವಿದ್ದಷ್ಟೂ ಪರೀಕ್ಷೆ ಖಡಕ್ಕಂತೆ.

"ಅಪ್ಪಾ, ನಿನ್ನಷ್ಟು ಭಾರದಾವ್ರು ನಮ್ಮ ಕಾಲೇಜಿನಾಗ ಯಾರೂ ಇಲ್ಲ" ಎಂದಳು. ಹೊಗಳಿಕೆಯೆಂದೇ ತಿಳಿದು ಒಪ್ಪಿಕೊಂಡೆ.

ಪರೀಕ್ಷೆಯ ದಿನ, ಮೇಷ್ಟ್ರುಗಳು ನೋಡುತ್ತಿರಲು, ಇಳಿಯುತ್ತ ಬ್ರೇಕ್ ಒತ್ತಿದೆ. ಮುಂಗಾಲು ಕುಸಿಯಿತು, ಹ್ಯಾಂಡಲ್ ಮಾತ್ರ ಮಿಸುಕಲಿಲ್ಲ. ನನ್ನ ಮಗಳು ಮಾಡಿದ್ದು ಇದು ಎಂದುಕೊಂಡು ಇನ್ನೊಮ್ಮೆ ಒತ್ತಿದೆ. ಅಷ್ಟರಲ್ಲಿ ರಸ್ತೆಯ ಪಕ್ಕದಲ್ಲಿ, ಹಿರಿಯ ಮಗಳನ್ನು ಕೊಟ್ಟ ನಿಲಂಗಾದ ಬೀಗರು ನಿಂತಿದ್ದಾರೆ! "ಶರಣ್ರೀ ಬೀಗರ" ಎಂದರು. ನಮ್ಮಲ್ಲಿ ಬೀಗರಿಗೆ ಒಂದೇ ಕೈಯಲ್ಲಿ ಶರಣು ಹೇಳಿದವನ ಮನೆಗೆ ಮುಂದಿನ ಹಬ್ಬಕ್ಕೆ ಮಗಳು ಬರುವುದಿಲ್ಲ. ಎರಡೂ ಕೈ ಎತ್ತಿ ಮುಗಿದುಬಿಟ್ಟೆ.

ಸೈಕಲ್ ನನ್ನನ್ನು ಕೇಳದೆ, ಗುಂಡಿಯಲ್ಲಿ ಇಳಿದು ಎದ್ದು, ದಾರ ಹಿಡಿದಂತೆ ನೆಟ್ಟಗೆ ಓಡಿತು. ಮುಗಿದ ಕೈ ಹಾಗೇ ಉಳಿಯಿತು. ಅದು ಬೀಗರಿಗೋ ಆ ಚಕ್ರಕ್ಕೋ ನನಗೇ ತಿಳಿಯಲಿಲ್ಲ. ಮುಂದೆ ರಸ್ತೆ ತಿರುಗಿತು, ನಾವು ತಿರುಗಲಿಲ್ಲ. ಯಾರದೋ ಜೋಳದ ಕಣಿಕೆಯ ಬಣವಿಯೊಳಗೆ ತಲೆ ಮುಂದಾಗಿ ಸೊಂಟದವರೆಗೆ ಹೊಕ್ಕೆ.

ಮೇಷ್ಟ್ರುಗಳು ಓಡಿಬಂದು ಸೈಕಲ್ಲನ್ನು ಎತ್ತಿ ಸವರಿ ನೋಡಿದರು. ಕೈ ಬಿಟ್ಟರೂ ಅಲ್ಲಾಡಲಿಲ್ಲ, ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕೇ ಎಂದರು. ಗಂಗಾ ನನ್ನ ಕಾಲು ಹಿಡಿದು ಎಳೆಯುತ್ತ, ಅಳುತ್ತ ನಗುತ್ತ ಹೇಳಿದಳು:

"ಅಪ್ಪಾ, ಗಾಡಿ ಪಾಸ್ ಆಗ್ಯದ. ನೀ ಫೇಲ್ ಆಗಿದಿ."