ಹಲಸಿನ ಮರದ ಬುಡದಲ್ಲಿ ಬಿದ್ದ ರಾಕೆಟ್

ನಮ್ಮ ಶೆಟ್ಟಿಕೊಪ್ಪದಲ್ಲಿ ರಾಕೆಟ್ ವಿಷಯ ತಿಳಿದವರು ಯಾರು ಎಂದು ಕೇಳಿದರೆ, ಮೊನ್ನೆಯವರೆಗೂ ಜನ ನಮ್ಮ ಮನೆ ತೋರಿಸುತ್ತಿದ್ದರು. ಈಗಲೂ ತೋರಿಸುತ್ತಾರೆ. ತೋರಿಸುವಾಗ ನಗುತ್ತಾರೆ, ಅಷ್ಟೇ ವ್ಯತ್ಯಾಸ.

ನಾನು ಸರ್ವೆ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಸರಪಳಿ ಎಳೆದು ನಿವೃತ್ತನಾದವನು. ಕಣ್ಣಿಗೆ ಕಂಡದ್ದನ್ನು ಅಳೆದು, ಬರೆದು, ಸಹಿ ಹಾಕದೆ ನಂಬುವವನಲ್ಲ. ನೆಲ ಅಳೆದು ಮುಗಿದ ಮೇಲೆ ಗಮನ ಆಕಾಶದ ಕಡೆ ಹೋಯಿತು. ಯಾವ ದೇಶ ಯಾವ ರಾಕೆಟ್ ಬಿಟ್ಟರೂ ಫೋನಿನಲ್ಲಿ ನೋಡುತ್ತೇನೆ. ಮೇಲೆ ಹೋದ ರಾಕೆಟ್ಟಿನ ಕೆಳಭಾಗ ವಾಪಸ್ ಬಂದು ನೆಟ್ಟಗೆ ನಿಲ್ಲುವುದನ್ನು ನೋಡಿದ್ದೇನೆ. ಒಂದು ಗೋಪುರ ಎರಡು ಕಬ್ಬಿಣದ ತೋಳು ಚಾಚಿ ಅದನ್ನು ಗಾಳಿಯಲ್ಲೇ ಹಿಡಿದುಕೊಂಡ ದಿನ ನನಗೆ ಊಟ ಸೇರಲಿಲ್ಲ. ನಮ್ಮವರು ಎರಡು ಉಪಗ್ರಹಗಳನ್ನು ಆಕಾಶದಲ್ಲೇ ಒಂದಕ್ಕೊಂದು ಜೋಡಿಸಿದಾಗ, ಹೆಂಡತಿ ಸುಮಿತ್ರಳಿಗೆ ಎರಡು ಸೌಟು ಹಿಡಿದು ವಿವರಿಸಿದೆ.

"ಆ ಸೌಟು ಇಲ್ಲಿ ಕೊಡಿ, ಹುಳಿ ತಳ ಹಿಡೀತಿದೆ" ಎಂದಳು.

ನಮ್ಮಲ್ಲಿ ಸಿಗ್ನಲ್ ನೆಲದ ಮೇಲೆ ಸಿಗುವುದಿಲ್ಲ. ಸುಮಾರು ಇಪ್ಪತ್ತು ಅಡಿ ಮೇಲೆ ಸಿಗುತ್ತದೆ. ಆದ್ದರಿಂದ ಮುಖ್ಯ ಉಡಾವಣೆ ಇದ್ದ ದಿನ ಹಳೆಯ ಫೋನೊಂದನ್ನು ಎತ್ತರಕ್ಕೇರಿಸಿ, ಅದರ ಹಾಟ್‌ಸ್ಪಾಟ್ ಹಿಡಿದು ಕೆಳಗೆ ಕುಳಿತು ನೋಡುತ್ತಿದ್ದೆ. ಈ ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಂಡಿರಲಿಲ್ಲ.

ಇನ್ನೊಂದು ಸಂಗತಿ. ನಮ್ಮಲ್ಲಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ತಿಮ್ಮಪ್ಪ. ಐವತ್ತೆಂಟು ದಾಟಿದೆ. ಮಂಡಿ ಸವೆದಿದೆ, ಇನ್ನು ಮರ ಹತ್ತಬಾರದು ಎಂದು ಡಾಕ್ಟರು ಹೇಳಿದ್ದಾರೆ. ಅವನಿಗಾಗಿಯೇ ಕಾರ್ಬನ್ ಫೈಬರ್ ದೋಟಿ ತರಿಸಿದ್ದೆವು. ಒಂದರೊಳಗೊಂದು ಕೂರುವ ಕಪ್ಪು ಕೊಳವೆಗಳು. ಎಳೆದರೆ ಮರದ ತುದಿ ಮುಟ್ಟುತ್ತದೆ. ನೆಲದಲ್ಲೇ ನಿಂತು ಗೊನೆ ಕೊಯ್ಯಬಹುದು, ಔಷಧಿಯನ್ನೂ ಹೊಡೆಯಬಹುದು. ಹೋದ ತಿಂಗಳು ಮೊದಲ ಕೊಯ್ಲಿನ ದಿನ ನೋಡಿದರೆ ಅದರ ತುದಿಯ ಕೊಳವೆಯೇ ಇಲ್ಲ.

"ಯಾರ ತೋಟದಲ್ಲೋ ಬಿಟ್ಟು ಬಂದಿದೀಯ ನೀನು" ಎಂದೆ.

"ಇಲ್ಲ ಅಯ್ಯ. ನಾ ಎಲ್ಲಿಗೂ ಒಯ್ದೇ ಇಲ್ಲ."

"ಹಾಗಾದ್ರೆ ರೆಕ್ಕೆ ಬಂದು ಹಾರಿ ಹೋಯ್ತಾ?"

ತಿಮ್ಮಪ್ಪ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿದ. ಕಾಲಿಗೆ ತಳೆ ಹಾಕಿಕೊಂಡು ಮರ ಹತ್ತಿದ. ಇಳಿದಾಗಲೆಲ್ಲ ಬುಡದಲ್ಲಿ ಸ್ವಲ್ಪ ಹೊತ್ತು ಮಂಡಿ ಹಿಡಿದು ನಿಲ್ಲುತ್ತಿದ್ದ. ಅದನ್ನು ನಾನು ಗಮನಿಸಿದೆ. ಗಮನಿಸುವುದರಲ್ಲಿ ನಾನು ಗಟ್ಟಿಗ.

ಈಗ ಘಟನೆಗೆ ಬರುತ್ತೇನೆ. ಗುರುವಾರ ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಮರುದಿನ ಎರಡನೇ ಕೊಯ್ಲು. ತೋಟದ ಅಂಚಿನ ಹಲಸಿನ ಮರದ ಬುಡದಲ್ಲಿ ಒಂದು ಕಪ್ಪು ಕೊಳವೆ ಬಿದ್ದಿತ್ತು. ಒಂದು ತುದಿ ಸೀಳಿ, ಒಳಗಿನ ಕಪ್ಪು ನಾರು ಹೊರಗೆ ಬಂದಿತ್ತು. ಎರಡು ಹೆಜ್ಜೆ ಹಿಂದೆ ಸರಿದೆ. ಇಂಥದೇ ತುಂಡುಗಳು ಹೊರದೇಶದ ರೈತರ ಹೊಲಗಳಲ್ಲಿ ಬಿದ್ದಿರುವ ಚಿತ್ರಗಳನ್ನು ಕಂಡಿದ್ದೆ. ಕಪ್ಪು ಬಣ್ಣ, ನೂಲು ಸುತ್ತಿದಂಥ ಮೈ, ಹರಿದ ಅಂಚು. ಮುಟ್ಟಬೇಡಿ, ವಿಷದ ಇಂಧನ ಅಂಟಿರಬಹುದು ಎಂದು ಎಲ್ಲ ಕಡೆ ಬರೆದಿದ್ದರು. ಮಂಗಳವಾರವಷ್ಟೇ ಒಂದು ಉಡಾವಣೆ ಆಗಿತ್ತು. ದಿನ ಲೆಕ್ಕ ಹಾಕಿದೆ. ಸರಿಹೋಯಿತು.

ಟೇಪು ತಂದು, ವಸ್ತುವಿಗೆ ತಾಗದಂತೆ ಹಿಡಿದು ಅಳೆದೆ. ಉದ್ದ ನಾಲ್ಕು ಅಡಿ ಒಂಬತ್ತು ಇಂಚು. ಬುಡದ ಲೋಹದ ಪಟ್ಟಿಯ ಮೇಲೆ ಕೊರೆದ ಸಂಖ್ಯೆಯನ್ನು ದುರ್ಬೀನಿನಲ್ಲಿ ಓದಿ ಬರೆದುಕೊಂಡೆ. ಚೆಕ್ಕುಬಂದಿ: ಪೂರ್ವಕ್ಕೆ ಹಲಸಿನ ಮರ, ಪಶ್ಚಿಮಕ್ಕೆ ಗೊಬ್ಬರಗುಂಡಿ, ಉತ್ತರಕ್ಕೆ ಬಸಿಗಾಲುವೆ, ದಕ್ಷಿಣಕ್ಕೆ ನಾನು. ಮೈಮೇಲೆ ಅಲ್ಲಲ್ಲಿ ತಿಳಿನೀಲಿ ಕಲೆ. 'ವಾತಾವರಣ ಪ್ರವೇಶಿಸುವಾಗ ತಾಮ್ರ ಕರಗಿ ಅಂಟಿರುವ ಸಂಭವ' ಎಂದು ಷರಾ ಬರೆದೆ. ತಾಮ್ರ ಎಂಬುದೊಂದು ಸರಿಯಾಗಿತ್ತು.

ಅಷ್ಟರಲ್ಲಿ ಸುಮಿತ್ರ ತರಕಾರಿ ಸಿಪ್ಪೆಯ ಬುಟ್ಟಿ ಹಿಡಿದು ಗೊಬ್ಬರಗುಂಡಿಯ ಕಡೆ ಬಂದಳು.

"ನಿಲ್ಲು. ಅದನ್ನ ದಾಟಬೇಡ."

"ಬೆಳಗ್ಗಿಂದ ಮೂರು ಸಲ ದಾಟಿ ಆಯ್ತು. ಎಂತದು ಅದು?"

ನಾನು ನೋಟ್‌ಬುಕ್ಕಿನ ಹೊಸ ಹಾಳೆ ತಿರುವಿದೆ. "ತಲೆ ಸುತ್ತುತ್ತಾ? ಕಣ್ಣುರಿ?"

"ನಿಮ್ಮನ್ನ ನೋಡಿ ಸುತ್ತುತ್ತಾ ಇದೆ."

"ರಾಕೆಟ್ ತುಂಡು ಕಣೇ ಅದು."

"ಯಾರದ್ದು?"

"ಅದನ್ನೇ ಪತ್ತೆ ಮಾಡ್ಬೇಕು" ಎಂದೆ.

ಅವಳನ್ನು ಬಚ್ಚಲಿಗೆ ಕಳಿಸಿ ಎರಡು ಹಂಡೆ ನೀರು ಹುಯ್ದುಕೊಳ್ಳುವಂತೆ ಮಾಡಿದೆ. ಅವಳ ಚಪ್ಪಲಿಯನ್ನು ಕೋಲಿನ ತುದಿಯಲ್ಲಿ ಎತ್ತಿ ಗುಂಡಿ ತೋಡಿ ಹೂಳಿದೆ. ಶೃಂಗೇರಿಗೆ ಹೋದಾಗ ತಂದ ಹೊಸ ಚಪ್ಪಲಿ. ಅವಳು ಸ್ನಾನ ಮುಗಿಸಿ ಬಂದು ಗುಂಡಿಯನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋದಳು.

ದಿಬ್ಬ ಹತ್ತಿ ಸಿಗ್ನಲ್ ಹಿಡಿದು ತಾಲೂಕು ಕಚೇರಿಗೆ ಫೋನು ಮಾಡಿದೆ. "ನಾಳೆ ಬರ್ತೀವಿ, ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ" ಎಂದರು. ಸರ್ಕಾರವೇ ಹೇಳಿದ ಮೇಲೆ ಇನ್ನೇನು ಬೇಕು? ಒಂದು ತುಂಡು ಬಿದ್ದಲ್ಲಿ ಇನ್ನೂ ನಾಲ್ಕು ಬಿದ್ದಿರಬಹುದು ಎಂದು ಲೆಕ್ಕ ಹಾಕಿ ಇಡೀ ತೋಟದ ಸುತ್ತ ಹಗ್ಗ ಕಟ್ಟಿದೆ.

ಶುಕ್ರವಾರ ಬೆಳಗ್ಗೆ ತಿಮ್ಮಪ್ಪ ಕತ್ತಿ, ತಳೆ ಹಿಡಿದು ಬಂದ. ಹಗ್ಗದ ಹೊರಗೇ ತಡೆದೆ.

"ಇವತ್ತು ಬಿಟ್ರೆ ಕಾಯೆಲ್ಲ ಹಣ್ಣಾಗಿ ಗೋಟಾಗ್ತದೆ ಅಯ್ಯ, ಅರ್ಧ ಬೆಲೆನೂ ಬರಲ್ಲ. ನಾಳಿಂದ ನಂಗೆ ಬೇರೆ ತೋಟ ಉಂಟು."

"ಆಗ್ಲಿ ಬಿಡು ಮಾರಾಯ. ಅಡಿಕೆಗಿಂತ ಮನುಷ್ಯನ ಜೀವ ದೊಡ್ಡದು."

"ಅದನ್ನ ಹೋದ್ ತಿಂಗ್ಳು ಹೇಳ್ಬೋದಿತ್ತು" ಎಂದು ಬೇಲಿ ಪಕ್ಕದ ಕಲ್ಲಿನ ಮೇಲೆ ಕುಳಿತ.

ಹನ್ನೊಂದು ಗಂಟೆಯ ಹೊತ್ತಿಗೆ ನಲವತ್ತಮೂರು ಜನ ಸೇರಿದ್ದರು. ಎಣಿಸಿದ್ದೇನೆ. ಬಸರೀಕಟ್ಟೆಯಿಂದ ಒಂದು ಜೀಪು ತುಂಬ ಬಂದಿದ್ದರು. ಎಲ್ಲರಿಗೂ ಕಾರ್ಬನ್ ಫೈಬರ್ ಎಂದರೇನು ಎಂದು ವಿವರಿಸಿದೆ. ಪಕ್ಕದ ಮನೆಯ ಅಜ್ಜಿ, "ಇಂಥದ್ದು ಮನೆ ಮಾಡಿನ ಮೇಲೂ ಬೀಳ್ತದನಾ?" ಎಂದು ಕೇಳಿದರು. ಸುಳ್ಳು ಹೇಳಬಾರದಲ್ಲ. "ಹೇಳಕ್ಕಾಗಲ್ಲ ಅಜ್ಜಿ" ಎಂದೆ. ಅವರು ಕೂಡಲೇ ಮನೆಗೆ ಹೋಗಿ ಕೊಟ್ಟಿಗೆಯ ಕರುವನ್ನು ಬಿಚ್ಚಿ ಬಯಲಿಗೆ ತಂದು ಕಟ್ಟಿದರು. ಬಯಲಿನಲ್ಲಿ ಬೀಳುವುದಿಲ್ಲವೇ ಎಂದು ನಾನು ಕೇಳಲಿಲ್ಲ.

ಗ್ರಾಮ ಆಡಳಿತ ಅಧಿಕಾರಿ ಒಬ್ಬ ಕಾನ್‌ಸ್ಟೇಬಲ್ ಜೊತೆ ಬಂದರು. ವಯಸ್ಸಿನಲ್ಲಿ ಚಿಕ್ಕವರು, ತಾಳ್ಮೆಯವರು. ನಾನು ನಕಾಶೆ ಸಮೇತ ಹನ್ನೊಂದು ಅಂಶಗಳ ವರದಿ ಕೊಟ್ಟೆ. ನಿಂತಲ್ಲೇ ಪೂರ್ತಿ ಓದಿ, "ಇಷ್ಟು ಚೆಂದದ ವರದಿ ನಾನು ನೋಡಿಲ್ಲ ಸರ್" ಎಂದರು. ನನ್ನ ಬದುಕಿನಲ್ಲಿ ಅದು ಬಹಳ ಒಳ್ಳೆಯ ಗಳಿಗೆ. ಎರಡು ನಿಮಿಷ ಇತ್ತು.

ತಿಮ್ಮಪ್ಪ ಕಲ್ಲಿನಿಂದ ಎದ್ದು ಹಗ್ಗದ ಬಳಿ ಬಂದು ಬಗ್ಗಿ ನೋಡಿದ.

"ಅಯ್ಯ, ಅದು ನಮ್ಮ ದೋಟಿ."

ನಾನು ಕನಿಕರದಿಂದ ನಕ್ಕೆ. "ಅದು ಕಾರ್ಬನ್ ಫೈಬರ್ ತಿಮ್ಮಪ್ಪ."

"ದೋಟಿನೂ ಅದೇ ಅಲ್ವಾ. ರಾಕೆಟ್ಟಿಗೆ ಹಾಕೋದನ್ನೇ ನಿಂಗೆ ತರ್ಸಿದೀನಿ ಅಂತ ನೀವೇ ಹೇಳಿದ್ದು."

"ಮತ್ತೆ ಆ ನೀಲಿ ಕಲೆ?"

"ಬೋರ್ಡೋ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡ್ದಿದ್ದು. ಮೈಲುತುತ್ತ ಅಂದ್ರೆ ತಾಮ್ರದ್ದೇ ಅಲ್ವಾ, ಮತ್ತೆ ಯಾವ ಬಣ್ಣ ಇರ್ತದೆ?"

ಅಧಿಕಾರಿ ನನ್ನ ವರದಿಯ ಏಳನೇ ಅಂಶದ ಮೇಲೆ ಬೆರಳಿಟ್ಟು, "ಇಲ್ಲೊಂದು ನಂಬರ್ ಬರೆದಿದೀರಲ್ಲ ಸರ್" ಎಂದರು. ಸುಮಿತ್ರ ಬರಿಗಾಲಲ್ಲಿ ಒಳಗೆ ಹೋಗಿ ಬೀರುವಿನಿಂದ ದೋಟಿಯ ವಾರಂಟಿ ಕಾರ್ಡು ತಂದಳು. ಅದರ ಮೇಲೆ ಯಾರೋ ಬಹಳ ಎಚ್ಚರಿಕೆಯ ಮನುಷ್ಯ ಕೆಂಪು ಶಾಯಿಯಲ್ಲಿ ಅದೇ ಸಂಖ್ಯೆಯನ್ನು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದ. ಅಕ್ಷರ ನನ್ನದು.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಸರಿ, ದೋಟಿದೇ ಅನ್ನೋಣ. ಇಲ್ಲಿಗೆ ತಂದವರು ಯಾರು?" ಎಂದು ಕೇಳಿ ತಿಮ್ಮಪ್ಪನ ಕಡೆ ನೋಡಿದೆ. ನಲವತ್ತಮೂರು ಜನವೂ ಅವನ ಕಡೆ ನೋಡಿದರು. ಅವನು ನೆಲ ನೋಡಿದ. ಈ ಎರಡು ದಿನಗಳಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಅದೇ ಕೆಟ್ಟದ್ದು. ಚಪ್ಪಲಿ ಹೂಳಿದ್ದಕ್ಕೆ ಎರಡನೇ ಸ್ಥಾನ.

"ಮೇಲೆ ನೋಡಿ" ಎಂದಳು ಸುಮಿತ್ರ.

ಹಲಸಿನ ಮರದ ಕವಲಿನಲ್ಲಿ ಒಂದು ಹಸಿರು ಪ್ಲಾಸ್ಟಿಕ್ ಹಗ್ಗ ತೂಗುತ್ತಿತ್ತು. ತುದಿಯಲ್ಲಿ ನಮ್ಮ ಸರ್ವೆ ಇಲಾಖೆಯವರು ಹಾಕುವ ಗಂಟು.

"ಹೋದ ತಿಂಗಳು ರಾಕೆಟ್ ನೋಡಕ್ಕೆ ದೋಟಿ ತುದಿಗೆ ಫೋನ್ ಕಟ್ಟಿ ಮರಕ್ಕೆ ಒರಗಿಸಿದ್ದು ಯಾರ್ರೀ?"

ಎಲ್ಲವೂ ನೆನಪಿಗೆ ಬಂತು, ಕ್ರಮಬದ್ಧವಾಗಿ. ರಾಕೆಟ್ ಕಕ್ಷೆ ಸೇರಿತ್ತು. ನಾನು ಚಪ್ಪಾಳೆ ತಟ್ಟಿ ದೋಟಿ ಎಳೆದಿದ್ದೆ. ತುದಿ ಕವಲಿನಲ್ಲಿ ಸಿಕ್ಕಿಕೊಂಡಿತ್ತು. ಇನ್ನೂ ಜೋರಾಗಿ ಎಳೆದಿದ್ದೆ. ಜೋಡಣೆಯ ಪಟ್ಟಿ ಬಿಚ್ಚಿ ಕೆಳಗಿನ ಕೊಳವೆಗಳು ನನ್ನ ಕೈಗೂ, ಫೋನು ಗೊಬ್ಬರಗುಂಡಿಗೂ ಬಂದಿದ್ದವು. ಫೋನು ತೊಳೆಯುವ ಗಡಿಬಿಡಿಯಲ್ಲಿ ಮೇಲೆ ಉಳಿದದ್ದನ್ನು ಮರೆತೆ. ಅದು ಒಂದು ತಿಂಗಳು ಅಲ್ಲೇ ಇದ್ದು, ತನಗೆ ತೋಚಿದ ದಿನ ಇಳಿದಿತ್ತು.

ಅಧಿಕಾರಿ ಪೆನ್ನು ತೆಗೆದರು. "ಕಂಡವರು ನೀವು, ದೂರು ಕೊಟ್ಟವರು ನೀವು, ಮಾಲೀಕರು ನೀವು, ಮೇಲೆ ಬಿಟ್ಟವರೂ ನೀವೇ. ಸಾಕ್ಷಿಗೆ ಮಾತ್ರ ಬೇರೆಯವರು ಬೇಕು ಸರ್."

ತಿಮ್ಮಪ್ಪ ಸಾಕ್ಷಿಯಾಗಿ ಸಹಿ ಹಾಕಲು ಬಂದ. ಅವನು ಬರೆಯುತ್ತಿದ್ದಾಗ, ಎಲ್ಲರಿಗೂ ಕೇಳುವಂತೆ ಹೇಳಿದೆ: "ನಿನ್ನ ಮೇಲೆ ಸುಮ್ಮನೆ ಹಾಕಿದೆ. ನಂದೇ ತಪ್ಪು ತಿಮ್ಮಪ್ಪ."

ಅವನು ತಲೆ ಎತ್ತಲಿಲ್ಲ. "ಅದನ್ನೂ ಬರೀರಿ ಅಯ್ಯ. ಹನ್ನೆರಡನೇ ನಂಬ್ರ ಹಾಕಿ."

ಹಾಕಿದೆ. ಕೆಳಗೆ ಎರಡು ಗೆರೆ ಎಳೆದೆ.

ಅವತ್ತು ಮಧ್ಯಾಹ್ನವೇ ತಿಮ್ಮಪ್ಪ ಸೀಳಿದ ತುದಿಯನ್ನು ಗರಗಸದಿಂದ ಕೊಯ್ದು ಕೊಳವೆಯನ್ನು ದೋಟಿಗೆ ಸೇರಿಸಿದ. ಒಂದೂವರೆ ಅಡಿ ಗಿಡ್ಡವಾಯಿತು. ತೋಟದ ಹನ್ನೊಂದು ಎತ್ತರದ ಮರಗಳಿಗೆ ಎಟುಕುವುದಿಲ್ಲ.

"ಅವು ಗೋಟಾಗ್ಲಿ, ನೀನು ಹತ್ತಬೇಡ" ಎಂದೆ.

"ನಾನೆಂತಕ್ಕೆ ಹತ್ಲಿ? ನೀವು ಈ ಬಲೆ ಹಿಡ್ಕೊಂಡು ಅಲ್ಲಿ ನಿಲ್ಲಿ. ಗೊನೆ ನೆಲಕ್ಕೆ ಬಿದ್ರೆ ಕಾಯಿ ಉದುರ್ತದೆ."

ಹೀಗೆ ಮೇಲಿನಿಂದ ಬೀಳುವುದನ್ನು ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಫೋನಿನಲ್ಲಿ ಕಂಡ ಗೋಪುರದಂತೆಯೇ ಎರಡು ತೋಳು ಚಾಚಿ ನಿಂತೆ. ಸುಮಿತ್ರ ಬೇಲಿಯ ಆಚೆ, ನನ್ನ ಚಪ್ಪಲಿ ಹಾಕಿಕೊಂಡು, ನೋಡುತ್ತಿದ್ದಳು. ಮೊದಲ ಎರಡು ಗೊನೆ ಬಸಿಗಾಲುವೆಗೆ ಹೋದವು. ಮೂರನೆಯದು ನನ್ನ ಎಡ ಹೆಗಲ ಮೇಲೆ ಸುರಕ್ಷಿತವಾಗಿ ಇಳಿಯಿತು. ಗೊನೆಗೆ ಏನೂ ಆಗಲಿಲ್ಲ.